ತಂತಿಯೂ ಒಂದು ಸೇತುವೆ

ಕಡಲಿನಿಂದ ದೂರದ ಶಿವಮೊಗ್ಗ–ಭದ್ರಾವತಿಗೂ ದ್ವೀಪಗಳಿಗೂ ಏನು ಸಂಬಂಧ? ಬಿಸಿಲು, ಗಾಳಿ, ನೀರಿನ ವಿದ್ಯುತ್ತನ್ನು ಬೆಸೆಯಬೇಕಾದ ಈ ಕಾಲದಲ್ಲಿ ಅವಳಿ ನಗರಗಳ ನಡುವಿನ ಬಿ.ಎಚ್. ರಸ್ತೆಯೇ ಒಂದು ಪಾಠ.

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು ತುಂಗೆಯ ಸೇತುವೆ ದಾಟುತ್ತದೆ. ಹೊಳೆಹೊನ್ನೂರು ಸರ್ಕಲ್, ವಿದ್ಯಾನಗರ ಹಿಂದೆ ಬೀಳುತ್ತಿದ್ದಂತೆ ಕಂಡಕ್ಟರ್ ಕೂಗುತ್ತಾನೆ: ‘ಎಂ.ಆರ್.ಎಸ್., ಎಂ.ಆರ್.ಎಸ್... ಯಾರ‍್ರೀ ಇಳಿಯೋರು?’ ಚೀಲ ಹಿಡಿದ ವಿದ್ಯಾರ್ಥಿಗಳು, ಸಂತೆ ಮುಗಿಸಿದ ಹೆಂಗಸರು ಇಳಿಯುತ್ತಾರೆ. ಆ ಮೂರಕ್ಷರಕ್ಕೆ ಏನರ್ಥವೆಂದು ಯಾರೂ ಕೇಳುವುದಿಲ್ಲ. ಊರಿನ ಹೆಸರು ಅಷ್ಟೆ.

ನಾಡಿನಲ್ಲಿ ಬಸ್ ನಿಲ್ದಾಣಗಳಿಗೆ ದೇವಸ್ಥಾನದ ಹೆಸರಿದೆ, ಕೆರೆಯ ಹೆಸರಿದೆ, ಅರಳಿಕಟ್ಟೆಯ ಹೆಸರಿದೆ. ಇಲ್ಲಿ ಮಾತ್ರ ವಿದ್ಯುತ್ ಸ್ವೀಕರಣಾ ಕೇಂದ್ರದ ಹೆಸರು. ರಸ್ತೆಯ ಬದಿಯಲ್ಲಿ ಬೇಲಿಯೊಳಗೆ ಕಬ್ಬಿಣದ ಗೋಪುರಗಳು, ಪಿಂಗಾಣಿಯ ಇನ್ಸುಲೇಟರ್ ಸರಗಳು, ಗುಂಯ್ ಎನ್ನುವ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು. 220 ಕಿಲೋವೋಲ್ಟ್‌ನ ಈ ಕೇಂದ್ರಕ್ಕೆ ಮಲೆನಾಡಿನ ಕಡೆಯಿಂದ ಬಂದ ವಿದ್ಯುತ್ ಒತ್ತಡ ಇಳಿಸಿಕೊಂಡು ಆಲ್ಕೊಳ, ಮಾಚೇನಹಳ್ಳಿಯಂಥ ಉಪಕೇಂದ್ರಗಳಿಗೆ, ಅಲ್ಲಿಂದ ಬೀದಿಗಳಿಗೆ ಹರಿಯುತ್ತದೆ.

ಊರಿನವರಿಗೆ ಈ ಕೇಂದ್ರ ನೆನಪಾಗುವುದು ಪತ್ರಿಕೆಯ ಮೂಲೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ಪುಟ್ಟ ಸುದ್ದಿ ಬಂದಾಗ. ಅಂದು ಅಮ್ಮಂದಿರು ಬೆಳಿಗ್ಗೆ ಬೇಗನೆದ್ದು ದೋಸೆಹಿಟ್ಟು ರುಬ್ಬಿ, ಟ್ಯಾಂಕಿಗೆ ನೀರೇರಿಸಿ ಸಿದ್ಧರಾಗುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳು ಗೊಣಗುತ್ತಾರೆ. ಒಂದು ದಿನದ ಮಟ್ಟಿಗೆ ಊರು ನಾಡಿನ ತಂತಿಜಾಲದಿಂದ ಕಳಚಿಕೊಂಡಿರುತ್ತದೆ. ವಿದ್ಯುತ್ ಎಂಜಿನಿಯರರ ಭಾಷೆಯಲ್ಲಿ ಹೀಗೆ ಕಳಚಿಕೊಂಡ ಮೇಲೂ ತನ್ನದೇ ವಿದ್ಯುತ್ತಿನಿಂದ ಉರಿಯುವ ತುಂಡಿಗೆ ಒಂದು ಹೆಸರಿದೆ: ದ್ವೀಪ. ನೀರು ಸುತ್ತುವರಿದಿರಬೇಕೆಂದಿಲ್ಲ. ತಂತಿ ಇಲ್ಲದಿದ್ದರೆ ಸಾಕು, ಅದು ದ್ವೀಪವೇ.

ಈ ಅರ್ಥದಲ್ಲಿ ನೋಡಿದರೆ ಶಿವಮೊಗ್ಗ ಮತ್ತು ಭದ್ರಾವತಿಯ ನೂರು ವರ್ಷಗಳ ಕಥೆ ಬೇರೆಯಾಗಿಯೇ ಕಾಣುತ್ತದೆ.

ಬೆಂಕಿಪುರದ ಕುಲುಮೆ

ಎಂ.ಆರ್.ಎಸ್. ದಾಟಿದ ಬಸ್ಸು ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಗಳ ಮೂಲಕ ಓಡಿದರೆ ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಊರಿಗೆ ಬೆಂಕಿ ನಿಜವಾಗಿಯೂ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅದರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಕನಸೂ ಹಟವೂ ಇತ್ತು.

ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬಂತು. ಆದರೆ ಕಲ್ಲಿದ್ದಲು? ಮೈಸೂರು ಸೀಮೆಯಲ್ಲಿ ಕಲ್ಲಿದ್ದಲ ಗಣಿ ಒಂದೂ ಇರಲಿಲ್ಲ. ಹಾಗಾಗಿ ಮಲೆನಾಡಿನ ಮರಗಳೇ ಇದ್ದಿಲಾದವು. ಸೌದೆಯನ್ನು ಭಟ್ಟಿ ಇಳಿಸಿ ಇದ್ದಿಲು ಮಾಡುವ ದೊಡ್ಡ ಘಟಕವೇ ಕಾರ್ಖಾನೆಯ ಜೊತೆಗಿತ್ತು. ಇದ್ದಿಲಿನಿಂದ ಕಬ್ಬಿಣ ಕರಗಿತು. ಕಾರ್ಖಾನೆಗೆ ಬೇಕಾದ ವಿದ್ಯುತ್ತೂ ಅಲ್ಲಿಯೇ ಹುಟ್ಟಬೇಕಾಗಿತ್ತು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಆದರೆ ಆ ತಂತಿ ಬೆಂಕಿಪುರದ ಕಡೆಗೆ ಆಗಿನ್ನೂ ತಿರುಗಿರಲಿಲ್ಲ.

ಅಂದಿನ ಭದ್ರಾವತಿ ಹೀಗೆ ಒಂದು ದ್ವೀಪ. ತನ್ನ ಬೆಂಕಿಯನ್ನು ತಾನೇ ಹೊತ್ತಿಸಿಕೊಂಡು, ಸುತ್ತಲಿನ ಕಾಡನ್ನೇ ಉರುವಲು ಮಾಡಿಕೊಂಡು ಬದುಕಿದ ದ್ವೀಪ. ದ್ವೀಪದ ಬದುಕು ಯಾವಾಗಲೂ ದುಬಾರಿ. ಆ ಲೆಕ್ಕವನ್ನು ಕಾಡು ತೆತ್ತಿತು.

ಜೋಗದಿಂದ ಬಂದ ತಂತಿ

ಶಿವಮೊಗ್ಗದಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಶರಾವತಿ ಧುಮುಕುತ್ತಿತ್ತು. ಹಿರೇಭಾಸ್ಕರದಲ್ಲಿ ಅಣೆಕಟ್ಟೆ ಎದ್ದು, ಜೋಗದ ಬುಡದಲ್ಲಿ ವಿದ್ಯುದಾಗಾರ ಸಿದ್ಧವಾಗಿ, 1948ರಲ್ಲಿ ಮೊದಲ ಘಟಕಗಳು ತಿರುಗಿದವು. ಮುಂದೆ ಮಹಾತ್ಮ ಗಾಂಧಿಯವರ ಹೆಸರು ಹೊತ್ತ ಈ ಕೇಂದ್ರದ ಸಾಮರ್ಥ್ಯ 120 ಮೆಗಾವಾಟ್‌ಗೆ ಏರಿತು. ಅಲ್ಲಿಂದ ಗೋಪುರಗಳ ಸಾಲು ಸಾಗರ, ಶಿವಮೊಗ್ಗಗಳ ಕಡೆಗೆ ಹೆಜ್ಜೆ ಹಾಕಿತು.

ತಂತಿ ಬಂದ ಮೇಲೆ ಭದ್ರಾವತಿಯ ಕುಲುಮೆಯೇ ಬದಲಾಯಿತು. 1950ರ ದಶಕದಲ್ಲಿ ನಾರ್ವೆ ದೇಶದಲ್ಲಿ ರೂಪುಗೊಂಡ ಮಾದರಿಯ ವಿದ್ಯುತ್ ಕುಲುಮೆಗಳು ಬಂದವು. ಅದಿರಿನ ಜೊತೆ ಇದ್ದಿಲು ಆಗಲೂ ಬೇಕಿತ್ತು. ಆದರೆ ಕರಗಿಸುವ ಶಾಖ ಜೋಗದ ನೀರಿನಿಂದ ಬಂತು. ಬೆಟ್ಟದ ಮಳೆ ಕಬ್ಬಿಣ ಕರಗಿಸಿತು ಎಂದರೆ ಅಂದಿನ ಶಾಲೆಯ ಮಕ್ಕಳು ಬೆರಗಾಗುತ್ತಿದ್ದರು. ಭೂಗೋಳದ ಪಾಠದಲ್ಲಿ ಭದ್ರಾವತಿಯ ಹೆಸರು ಬರುತ್ತಿದ್ದುದೇ ಹೀಗೆ: ಇದ್ದಿಲಿನಿಂದ, ಆಮೇಲೆ ಜಲವಿದ್ಯುತ್ತಿನಿಂದ ಕಬ್ಬಿಣ ಮಾಡುವ ಊರು. ಇಂದು ಪ್ರಪಂಚವೆಲ್ಲ ‘ಹಸಿರು ಉಕ್ಕು’ ಎಂದು ಮಾತನಾಡುತ್ತಿದೆ. ಮಾಲಿನ್ಯವಿಲ್ಲದ ವಿದ್ಯುತ್ತಿನಿಂದ ಉಕ್ಕು ಮಾಡುವ ಆ ದಾರಿಯಲ್ಲಿ ಭದ್ರಾವತಿ ಅರ್ಧ ಹೆಜ್ಜೆಯನ್ನು 70 ವರ್ಷಗಳ ಹಿಂದೆಯೇ ಇಟ್ಟಿತ್ತು.

ಆ ಕುಲುಮೆಗಳ ಕಾಲ ಮುಗಿದಿದೆ. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಾರ್ಖಾನೆ 1998ರಲ್ಲಿ ಭಾರತ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಆರಂಭದಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದಾಗ, ಮುಚ್ಚುವ ತೀರ್ಮಾನದ ಸುದ್ದಿ ಬಂದು ಕಾರ್ಮಿಕರು ಬೀದಿಗಿಳಿದರು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ ನಿಂತಿದ್ದವು. ನ್ಯೂಟೌನ್, ಪೇಪರ್‌ಟೌನ್‌ಗಳ ಮರಗಳ ನೆರಳಿನಲ್ಲಿ ನಡೆದರೆ ಆ ದಿನಗಳ ಗತ್ತು ಈಗಲೂ ಕಾಣುತ್ತದೆ.

ದಕ್ಷಿಣ ಭಾರತವೇ ದ್ವೀಪವಾಗಿದ್ದಾಗ

ತಂತಿ ಬಂದು ಕಾರ್ಖಾನೆ ಎಂಬ ಸಣ್ಣ ದ್ವೀಪ ಕರಗಿತು. ಆದರೆ ದೊಡ್ಡ ದ್ವೀಪವೊಂದು ಇನ್ನೂ ಉಳಿದಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು.

ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಸಲ ತುಯ್ಯುತ್ತದೆ. ಇದಕ್ಕೆ ಆವರ್ತನ ಎನ್ನುತ್ತಾರೆ. ಒಂದೇ ಜಾಲಕ್ಕೆ ಸೇರಿದ ಎಲ್ಲ ವಿದ್ಯುದಾಗಾರಗಳೂ ಒಂದೇ ಲಯದಲ್ಲಿ ತಿರುಗಬೇಕು. ಜಾತ್ರೆಯಲ್ಲಿ ತೇರು ಎಳೆಯುವವರನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೂರಾರು ಜನ ಒಂದೇ ಹಗ್ಗ ಹಿಡಿದಿದ್ದಾರೆ. ಕೆಲವರು ಕೈಬಿಟ್ಟರೆ ಉಳಿದವರು ಇನ್ನಷ್ಟು ಬಲ ಹಾಕಬೇಕು, ಇಲ್ಲವೇ ತೇರು ನಿಧಾನವಾಗುತ್ತದೆ. ಆವರ್ತನವನ್ನು 49.90ರಿಂದ 50.05ರೊಳಗೆ ಇಡಬೇಕೆಂಬುದು ಭಾರತದ ನಿಯಮ. ಅದಕ್ಕಾಗಿ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಹಗಲು ರಾತ್ರಿ ಕಣ್ಣಿಟ್ಟು ಕೂತವರಿದ್ದಾರೆ.

2013ರ ಕೊನೆಯವರೆಗೆ ದಕ್ಷಿಣದ ರಾಜ್ಯಗಳು ಎಳೆಯುತ್ತಿದ್ದ ತೇರೇ ಬೇರೆ, ಉಳಿದ ಭಾರತದ ತೇರೇ ಬೇರೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬಂದ ಏಕಮುಖ ವಿದ್ಯುತ್ ಮಾರ್ಗದಂಥ ಕೆಲವೇ ಕೊಂಡಿಗಳಿದ್ದವು. ಅವು ವಿದ್ಯುತ್ತನ್ನು ತರುತ್ತಿದ್ದವು, ಲಯವನ್ನು ಬೆಸೆಯುತ್ತಿರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಪೂರ್ವ, ಈಶಾನ್ಯಗಳೂ ಕತ್ತಲಾಗಿ ಸುಮಾರು 60 ಕೋಟಿ ಜನ ತೊಂದರೆಗೊಳಗಾದರು. ದಕ್ಷಿಣದಲ್ಲಿ ದೀಪ ಉರಿಯುತ್ತಲೇ ಇತ್ತು. ದ್ವೀಪವಾಗಿದ್ದುದೇ ಅಂದು ಕಾಪಾಡಿತು.

ಆದರೆ ಅದೇ ದ್ವೀಪತನ ಬೇಸಿಗೆಯಲ್ಲಿ ಕಾಡುತ್ತಿತ್ತು. ಉತ್ತರದಲ್ಲಿ ಹೆಚ್ಚುವರಿ ವಿದ್ಯುತ್ ಇದ್ದರೂ ಅದನ್ನು ತರುವ ದಾರಿ ಕಿರಿದು. ಕರ್ನಾಟಕದ ಹಳ್ಳಿಗಳಲ್ಲಿ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಜೀವ ಪಡೆದು, ದೇಶವೆಲ್ಲ ಒಂದೇ ಹಗ್ಗ ಹಿಡಿಯಿತು. ಆ ಸೇತುವೆಯ ಒಂದು ಕೊನೆ ಕನ್ನಡನಾಡಿನ ನೆಲದಲ್ಲಿದೆ ಎಂಬುದು ನೆನಪಿಡಬೇಕಾದ ಮಾತು.

ಪೂರ್ವದಲ್ಲಿ ಬಿಸಿಲು, ಪಶ್ಚಿಮದಲ್ಲಿ ನೀರು

ಬೆಸೆದದ್ದಾಯಿತಲ್ಲ, ಇನ್ನೇನು ಎಂದರೆ, ಜಾಲಕ್ಕೆ ವಿದ್ಯುತ್ ತುಂಬುವವರೇ ಈಗ ಬದಲಾಗಿದ್ದಾರೆ.

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಅದರಾಚೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಒಣಭೂಮಿಯ ಮೇಲೆ 2,050 ಮೆಗಾವಾಟ್‌ನ ಸೌರ ಪಾರ್ಕು. ಪಶ್ಚಿಮಕ್ಕೆ ತಿರುಗಿದರೆ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ. ಅಂಕಿ ನೋಡಿದರೆ ಪಾವಗಡವೇ ದೊಡ್ಡದು. ಆದರೆ ಸಂಜೆ ಏಳಕ್ಕೆ, ಮನೆಮನೆಯಲ್ಲಿ ದೀಪ, ಟಿ.ವಿ., ಮಿಕ್ಸಿ ಒಟ್ಟಿಗೆ ಹೊತ್ತಿದಾಗ, ಪಾವಗಡದ್ದು ಸೊನ್ನೆ. ಆಗ ಶರಾವತಿಯೇ ಕೈಹಿಡಿಯಬೇಕು.

ಬತ್ತವನ್ನು ಕಣಜದಲ್ಲಿ ತುಂಬಿಡಬಹುದು, ಅಡಿಕೆಯನ್ನು ಒಳ್ಳೆಯ ದರ ಬರುವವರೆಗೆ ಅಟ್ಟದಲ್ಲಿಡಬಹುದು. ವಿದ್ಯುತ್ತನ್ನು ಹಾಗೆ ಇಡಲಾಗದು. ಹುಟ್ಟಿದ ಗಳಿಗೆಯಲ್ಲೇ ಅದು ಖರ್ಚಾಗಬೇಕು. ಆದರೆ ಅಣೆಕಟ್ಟೆಯ ನೀರು ಒಂದು ರೀತಿಯಲ್ಲಿ ಕಣಜವೇ. ಹಗಲು ಬಿಸಿಲಿನ ವಿದ್ಯುತ್ ಬಳಸಿ ನೀರನ್ನು ಹಾಗೆಯೇ ಹಿಡಿದಿಟ್ಟುಕೊಂಡರೆ ಸಂಜೆಗೆ ಅದನ್ನು ಬಿಡಬಹುದು. ಋತುಗಳೂ ಕೈಜೋಡಿಸುತ್ತವೆ: ಫಾಲ್ಗುಣ–ಚೈತ್ರದಲ್ಲಿ ಬಿಸಿಲು ಜೋರು, ಆಷಾಢದಲ್ಲಿ ಮೋಡ ಕವಿದು ಬಿಸಿಲು ಸೊರಗಿದಾಗ ಗಾಳಿ ಜೋರು, ಮಳೆ ಮುಗಿದ ಮೇಲೆ ಲಿಂಗನಮಕ್ಕಿಯಲ್ಲಿ ನೀರು. 2023ರಂತೆ ಮಳೆ ಕೈಕೊಟ್ಟ ವರ್ಷ ನೀರಿನ ಪ್ರತಿ ಹನಿಯನ್ನೂ ಉಳಿಸಲು ಬಿಸಿಲು ಮತ್ತು ಗಾಳಿ ಬೇಕೇಬೇಕು.

ಮೂವರೂ ಒಬ್ಬರಿಗೊಬ್ಬರು ಆಸರೆಯಾಗಬೇಕಾದರೆ ನಡುವಿನ ತಂತಿ ಗಟ್ಟಿಯಾಗಿರಬೇಕು. ಭೂಪಟ ಬಿಡಿಸಿ ನೋಡಿದರೆ ಪಾವಗಡ, ಚಿತ್ರದುರ್ಗಗಳಿಗೂ ಶರಾವತಿಗೂ ನಡುವೆ ಇರುವ ನೆಲ ಶಿವಮೊಗ್ಗ–ಭದ್ರಾವತಿಯದು. ಹಳೆಯ ಜಾಲ ಕಟ್ಟಿದ್ದು ಪಶ್ಚಿಮದ ನೀರನ್ನು ಪೂರ್ವದ ಊರುಗಳಿಗೆ ಒಯ್ಯಲು. ಈಗ ವಿದ್ಯುತ್ ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಹರಿಯಬೇಕು. ಒಮ್ಮುಖ ರಸ್ತೆಯನ್ನು ಇಮ್ಮುಖ ಮಾಡುವ ಕೆಲಸ ಇದು.

ಇನ್ನೊಂದು ಸೂಕ್ಷ್ಮವಿದೆ. ಬೀಸುವ ಕಲ್ಲನ್ನು ಜೋರಾಗಿ ತಿರುಗಿಸಿ ಕೈಬಿಟ್ಟರೂ ಅದು ಒಂದೆರಡು ಸುತ್ತು ತಾನೇ ತಿರುಗುತ್ತದೆ. ಶರಾವತಿಯ ಭಾರಿ ಟರ್ಬೈನುಗಳ ಗುಣವೂ ಅದೇ. ಎಲ್ಲೋ ಒಂದು ವಿದ್ಯುದಾಗಾರ ಹಠಾತ್ತನೆ ನಿಂತರೆ ಈ ತಿರುಗುವ ಭಾರ ಕೆಲವು ಸೆಕೆಂಡು ಜಾಲವನ್ನು ಎತ್ತಿ ಹಿಡಿಯುತ್ತದೆ. ಸೌರಫಲಕದಲ್ಲಿ ತಿರುಗುವುದೇನೂ ಇಲ್ಲ. ಅದು ಹೆಚ್ಚಾದಷ್ಟೂ ಜಾಲ ಹಗುರವಾಗುತ್ತದೆ, ಬೇಗ ಅಲುಗುತ್ತದೆ. ಬ್ಯಾಟರಿಗಳು, ಚುರುಕಾದ ಇನ್ವರ್ಟರುಗಳು, ಹೊಸ ನಿಯಂತ್ರಣ ಸಲಕರಣೆಗಳು ಬೇಕಾಗುವುದು ಇದಕ್ಕಾಗಿಯೇ.

ಬೀದಿಯ ಟಿ.ಸಿ.ಯ ಮುಂದೆ

ದೊಡ್ಡ ಗೋಪುರಗಳ ಮಾತು ಹಾಗಿರಲಿ, ಬೀದಿಯ ಕೊನೆಯ ಟಿ.ಸಿ.ಯನ್ನೇ ನೋಡಬಹುದು. ಟ್ರಾನ್ಸ್‌ಫಾರ್ಮರನ್ನು ಶಿವಮೊಗ್ಗದಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. 11,000 ವೋಲ್ಟನ್ನು ಅದು ಮನೆಬಳಕೆಯ ಮಟ್ಟಕ್ಕೆ ಇಳಿಸುತ್ತದೆ.

ಭದ್ರಾ ನಾಲೆಯ ರೈತರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನಾಲೆಯ ಮೇಲ್ಭಾಗದವರಿಗೆ ನೀರು ಧಾರಾಳ, ಕೊನೆಯಂಚಿನವರಿಗೆ ತತ್ವಾರ. ವಿದ್ಯುತ್ತೂ ಹಾಗೆಯೇ. ಟಿ.ಸಿ.ಯಿಂದ ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ, ಕೊನೆಯ ಮನೆಯ ಬಲ್ಬು ಮಂಕಾಗುತ್ತದೆ. ಈಗ ಕೊನೆಯಂಚಿನ ರೈತನೇ ತನ್ನ ಬಾವಿಯಿಂದ ನಾಲೆಗೆ ನೀರು ತಿರುಗಿಸಿದರೆ? ಒಬ್ಬ ಬಿಟ್ಟರೆ ನೆರೆಯವನಿಗೆ ಅನುಕೂಲ. ಎಲ್ಲರೂ ಬಿಟ್ಟರೆ ಏರಿ ಉಕ್ಕುತ್ತದೆ. ಮನೆಯ ಚಾವಣಿಯ ಸೌರಫಲಕಗಳು ಮಾಡುವುದೂ ಇದನ್ನೇ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹುಟ್ಟಿದ ವಿದ್ಯುತ್ ಬೀದಿಯ ತಂತಿಗೆ ಮರಳುತ್ತದೆ, ಎರಡೂ ದಿಕ್ಕಿನ ಲೆಕ್ಕವನ್ನು ಮೀಟರ್ ಬರೆದುಕೊಳ್ಳುತ್ತದೆ. ಒಂದೇ ಬೀದಿಯಲ್ಲಿ ಇಂಥ ಮನೆಗಳು ಹೆಚ್ಚಿದರೆ ವೋಲ್ಟೇಜ್ ಏರುತ್ತದೆ. ಹಳೆಯ ಟಿ.ಸಿ., ಸಣಕಲು ತಂತಿ ಅದಕ್ಕೆ ಸಾಲುವುದಿಲ್ಲ.

ಸೌರಫಲಕ ಹಾಕಿಸಿದ ಮನೆಯವರು ಕೇಳುವ ಪ್ರಶ್ನೆಯೊಂದಿದೆ. ‘ಮಟಮಟ ಮಧ್ಯಾಹ್ನ ಬಿಸಿಲಿದೆ, ಬೀದಿಯಲ್ಲಿ ಕರೆಂಟು ಹೋದರೆ ನಮ್ಮನೆಯಲ್ಲೂ ಯಾಕೆ ಹೋಗುತ್ತದೆ?’ ಉತ್ತರ ಮತ್ತೆ ದ್ವೀಪದ ಮಾತಿಗೇ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಿದೆ ಎಂದುಕೊಳ್ಳೋಣ. ಲೈನ್‌ಮನ್ ಉಪಕೇಂದ್ರದಿಂದ ‘ಲೈನ್ ಕ್ಲಿಯರ್’ ಪಡೆದು, ತಂತಿ ಸತ್ತಿದೆಯೆಂದು ನಂಬಿ ಕಂಬ ಹತ್ತುತ್ತಾನೆ. ಆಗ ಯಾವುದೋ ಮನೆಯ ಚಾವಣಿಯಿಂದ ವಿದ್ಯುತ್ ಹಿಮ್ಮುಖವಾಗಿ ಹರಿದರೆ ಆ ಬೀದಿಯೇ ಜೀವಂತ ದ್ವೀಪ, ಕಂಬದ ಮೇಲಿನವನಿಗೆ ಅದು ಸಾವು. ಅದಕ್ಕಾಗಿಯೇ ಜಾಲ ಸತ್ತ ಕೂಡಲೇ ಇನ್ವರ್ಟರ್ ತಾನೂ ನಿಲ್ಲಬೇಕೆಂಬ ನಿಯಮ. ಒಂದು ಮನೆಯ ಅರ್ಧ ಗಂಟೆಯ ಫ್ಯಾನಿಗಿಂತ ಕಂಬ ಹತ್ತಿದವನ ಜೀವ ದೊಡ್ಡದು. ಕರೆಂಟು ಇಲ್ಲವೆಂದು ಕೋಪ ಬಂದಾಗ ಮಕ್ಕಳಿಗೆ ಹೇಳಿಕೊಡಬೇಕಾದ ಮಾತು ಇದು.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಶಿವಮೊಗ್ಗದ ಹಲವು ಬೀದಿಗಳ ತಂತಿಗಳು ನೆಲದಡಿಗೆ ಹೋದವು. ರಸ್ತೆ ಅಗೆದಾಗ ಊರಿನವರು ಬೈದುಕೊಂಡದ್ದೂ ಉಂಟು. ಆದರೆ ಕೊಂಬೆ ಬಿದ್ದು ತಂತಿ ಹರಿಯುವ ಊರಿನಲ್ಲಿ ನೆಲದಡಿಯ ಕೇಬಲ್ಲಿಗೆ ಬೆಲೆಯಿದೆ.

ನಿಜವಾದ ದ್ವೀಪಗಳು ಹೇಳುವುದು

ತಂತಿಯ ಬೆಲೆ ತಿಳಿಯಬೇಕಾದರೆ ಅದು ಇಲ್ಲದವರನ್ನು ನೋಡಬೇಕು. ಮಂಗಳೂರಿನಿಂದ ಸರಕು ಹಡಗುಗಳು ಹೋಗುವ ಲಕ್ಷದ್ವೀಪದಲ್ಲಿ ಜನವಸತಿಯ 10 ದ್ವೀಪಗಳಿವೆ. ಅವುಗಳಲ್ಲಿ ಅಮೀನಿ, ಕಡಮತ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮುಖ್ಯಭೂಮಿಯಿಂದ ಅಲ್ಲಿಗೆ ವಿದ್ಯುತ್ ತಂತಿ ಇಲ್ಲ. ಹಡಗಿನಲ್ಲಿ ಡೀಸೆಲ್ ತಂದು ಜನರೇಟರ್ ಓಡಿಸಿ ದೀಪ ಹಚ್ಚುವುದೇ ದಶಕಗಳ ರೂಢಿ. 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಬ್ಯಾಟರಿ ಸಹಿತವಾದ ಸೌರ ಘಟಕ ಉದ್ಘಾಟನೆಯಾಯಿತು. ಅಲ್ಲಿ ಮೋಡವೊಂದು ಸೂರ್ಯನನ್ನು ಮುಚ್ಚಿದರೆ ನೆರೆಯ ಊರಿನಿಂದ ವಿದ್ಯುತ್ ಪಡೆಯುವಂತಿಲ್ಲ. ಬ್ಯಾಟರಿಯೇ ನೆರೆಯವನು.

ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಎಲ್ ಹಿಯೆರೊ ಎಂಬ ಪುಟ್ಟ ದ್ವೀಪವಿದೆ. ಹತ್ತು ಹನ್ನೊಂದು ಸಾವಿರ ಜನ. 2014ರಲ್ಲಿ ಅವರು 11.5 ಮೆಗಾವಾಟ್‌ನ ಗಾಳಿಯಂತ್ರಗಳನ್ನು ಹಾಕಿ, ಹಳೆಯ ಜ್ವಾಲಾಮುಖಿಯ ಬಾಯಿಯನ್ನೇ ಕೆರೆ ಮಾಡಿಕೊಂಡರು. ಗಾಳಿ ಜೋರಿದ್ದಾಗ ಕೆಳಗಿನ ಕೊಳದಿಂದ ನೀರನ್ನು ಮೇಲಕ್ಕೆತ್ತುವುದು, ಗಾಳಿ ನಿಂತಾಗ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. 2019ರಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಡೀಸೆಲ್ ಇಲ್ಲದೆ ಆ ದ್ವೀಪ ನಡೆಯಿತು. ಆದರೂ ಡೀಸೆಲ್ ಯಂತ್ರಗಳನ್ನು ಅವರು ಕಿತ್ತುಹಾಕಿಲ್ಲ. ಗಾಳಿಯನ್ನು ಯಾರು ನಂಬುತ್ತಾರೆ?

ಮತ್ತೆ ಶರಾವತಿಯ ಬಾಗಿಲಿಗೆ

ಎಲ್ ಹಿಯೆರೊ ಸಣ್ಣದಾಗಿ ಮಾಡಿದ್ದನ್ನೇ ಶರಾವತಿಯಲ್ಲಿ ಬೃಹತ್ತಾಗಿ ಮಾಡಬೇಕೆಂಬುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಎರಡೂ ಈಗಾಗಲೇ ಇವೆ. ನಡುವಿನ ಘಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು 250 ಮೆಗಾವಾಟ್‌ನ 8 ಯಂತ್ರ, ಒಟ್ಟು 2,000 ಮೆಗಾವಾಟ್. ಹಗಲಿನ ಬಿಸಿಲಿನ ವಿದ್ಯುತ್ತಿನಲ್ಲಿ ನೀರೆತ್ತಿ, ಸಂಜೆ ಇಳಿಸುವುದು. ಇಂಥ ಏರ್ಪಾಟಿನಲ್ಲಿ ನಾಲ್ಕು ಯೂನಿಟ್ ಹಾಕಿದರೆ ಹೆಚ್ಚೂಕಮ್ಮಿ ಮೂರು ಯೂನಿಟ್ ಮರಳಿ ಸಿಗುತ್ತದೆ. ನಷ್ಟವಾದರೂ ಬೇಡದ ಹೊತ್ತಿನ ವಿದ್ಯುತ್ ಬೇಕಾದ ಹೊತ್ತಿಗೆ ಬರುತ್ತದೆ.

ಇದರ ಇನ್ನೊಂದು ಮುಖವೂ ಅಷ್ಟೇ ನಿಜ. ಆ ಘಟ್ಟ ಸಿಂಗಳೀಕಗಳ ಮನೆ. 2019ರಲ್ಲಿ ಸರ್ಕಾರವೇ ಅಲ್ಲಿನ ಕಾಡನ್ನು ವಿಸ್ತರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಸಾರಿತು. ಈ ಮಂಗಗಳು ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ದಾಟುವ ಅವಕ್ಕೆ ಕೊಂಬೆಗಳೇ ಸೇತುವೆ. ರಸ್ತೆಗೆಂದು, ಸುರಂಗದ ಬಾಯಿಗೆಂದು, ತಂತಿ ಸಾಲಿಗೆಂದು ಮರ ಕಡಿದರೆ ಒಂದೇ ಕಾಡು ಎರಡು ದ್ವೀಪಗಳಾಗುತ್ತದೆ. ಮಳೆಗೆ ಗುಡ್ಡ ಕುಸಿಯುವ ಭಯವೂ ಇದೆ. ಸಾಗರ, ಹೊನ್ನಾವರ, ಶಿವಮೊಗ್ಗಗಳಲ್ಲಿ ಪರಿಸರ ಕಾಳಜಿಯವರು, ರೈತರು ಈ ಯೋಜನೆಯನ್ನು ವಿರೋಧಿಸಿದ್ದಾರೆ. ಹಗಲಿನಲ್ಲಿ ಅಣೆಕಟ್ಟೆಯ ನೀರು ಉಳಿಸಿ ಸಂಜೆಗೆ ಬಳಸುವುದು, ಊರಿನ ಉಪಕೇಂದ್ರಗಳ ಪಕ್ಕದಲ್ಲೇ ಬ್ಯಾಟರಿ ಇಡುವುದು, ಪಂಪ್‌ಸೆಟ್ಟುಗಳನ್ನು ಹಗಲಿಗೆ ತಿರುಗಿಸುವುದು ಇವೆಲ್ಲ ಮೊದಲು ಆಗಲಿ ಎಂಬುದು ಅವರ ವಾದ. ಒಂದು ಕಡೆ ಕಲ್ಲಿದ್ದಲ ಹೊಗೆ, ಇನ್ನೊಂದು ಕಡೆ ಕಾಡು. ಇದರಲ್ಲಿ ಪುಕ್ಕಟೆ ಉತ್ತರವಿಲ್ಲ.

ದೀಪದ ಬುಡ

ಮಲೆನಾಡಿಗೆ ಈ ಲೆಕ್ಕ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣವಾದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೇ ಮುಳುಗಿತು, ಸಾವಿರಾರು ಕುಟುಂಬಗಳು ಎದ್ದು ಹೋದವು. ತುಮರಿಯ ಸೀಮೆ ಹಿನ್ನೀರಿನಾಚೆ ಬೇರೆಯಾಯಿತು. ಶರಾವತಿ ಯೋಜನೆಯ ಕಚೇರಿಯಲ್ಲೇ ಕೆಲಸ ಮಾಡಿದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿ, ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ ಹೇಳಿದ್ದು ಏರುವ ನೀರು ಒಂದು ಮನೆಯನ್ನು ದ್ವೀಪ ಮಾಡುವ ಈ ಸಂಕಟವನ್ನೇ. ಲಾಂಚಿಗೆ ಕಾದು ಕಾದು ಸಾಕಾದ ತುಮರಿಯ ಜನರಿಗೆ ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ದೊರೆತದ್ದು 2025ರ ಜುಲೈ 14ರಂದು. ಅಷ್ಟರಲ್ಲಿ ಆರು ದಶಕ ಕಳೆದಿತ್ತು.

ಮುಳುಗಡೆಯ ಜನರಲ್ಲಿ ಕೆಲವರನ್ನು ಶಿವಮೊಗ್ಗ ತಾಲ್ಲೂಕಿನ ಕಾಡಿನೊಳಗೆ ತಂದು ಬಿಡಲಾಯಿತು. ಶೆಟ್ಟಿಹಳ್ಳಿ, ಚಿತ್ರಶೆಟ್ಟಿಹಳ್ಳಿಗಳು ಹಾಗೆ ಬೆಳೆದ ಊರುಗಳು. ಆಮೇಲೆ ಆ ಕಾಡು ಅಭಯಾರಣ್ಯವಾಯಿತು. ತಂತಿ ಎಳೆಯಲು ಅರಣ್ಯ ಕಾನೂನಿನ ಅಡ್ಡಿ. ನಾಡಿಗೆ ಬೆಳಕು ಕೊಡಲೆಂದು ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲಿ ಓದಿದರು. ಎಂ.ಆರ್.ಎಸ್.ನ ಗೋಪುರಗಳಿಂದ ಬಹಳ ದೂರವೇನಲ್ಲ ಈ ಊರುಗಳು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬಿಸಿಲು–ಗಾಳಿಯ ಕಾಲಕ್ಕೆ ಜಾಲವನ್ನು ಹೊಸದಾಗಿ ಹೆಣೆಯುವವರು ಮರೆಯಬಾರದ ಪಾಠ ಇಲ್ಲಿದೆ. ಎಷ್ಟು ಮೆಗಾವಾಟ್ ಹರಿಯಿತು ಎಂಬುದು ಜಾಲದ ಒಂದು ಅಳತೆ. ಕೊನೆಯ ಮನೆ ತಲುಪಿತೇ, ಯಾರ ಮನೆ ಮುಳುಗಿತು, ಯಾವ ಕಾಡು ತುಂಡಾಯಿತು ಎಂಬುದು ಇನ್ನೊಂದು ಅಳತೆ. ಸೇತುವೆ ಕಟ್ಟುವಾಗ ಹೊಸ ದ್ವೀಪಗಳನ್ನು ಹುಟ್ಟಿಸಬಾರದು.

ಸಂಜೆ ಭದ್ರಾವತಿಯಿಂದ ಮರಳುವ ಬಸ್ಸಿನಲ್ಲಿ ಕಾಲೇಜು ಹುಡುಗ ಹುಡುಗಿಯರದೇ ಗದ್ದಲ. ಮಲವಗೊಪ್ಪ ದಾಟುವಷ್ಟರಲ್ಲಿ ಬೀದಿದೀಪಗಳು ಹೊತ್ತಿಕೊಳ್ಳುತ್ತವೆ. ಪಾವಗಡದಲ್ಲಿ ಸೂರ್ಯ ಮುಳುಗಿದ್ದಾನೆ. ಶರಾವತಿಯ ಕಣಿವೆಯಲ್ಲಿ ನೀರು ಕೊಳವೆಗಿಳಿದಿದೆ. ‘ಎಂ.ಆರ್.ಎಸ್., ಎಂ.ಆರ್.ಎಸ್...’ ಎಂದು ಕಂಡಕ್ಟರ್ ಕೂಗುತ್ತಾನೆ. ಇಳಿದವರು ಗುಂಯ್ಗುಟ್ಟುವ ಬೇಲಿಯ ಪಕ್ಕದಲ್ಲೇ ಮಾತಾಡುತ್ತ ಮನೆಯ ಕಡೆ ನಡೆಯುತ್ತಾರೆ.

ನೋಡಲು ಹೋಗುವವರಿಗೆ

ಬೆಂಗಳೂರಿನಿಂದ ಬೀರೂರು ಮಾರ್ಗವಾಗಿ ರೈಲಿನಲ್ಲಿ ಬಂದರೆ ಮೊದಲು ಭದ್ರಾವತಿ, ಆಮೇಲೆ ಶಿವಮೊಗ್ಗ. ಅದೇ ಹಳಿ ತಾಳಗುಪ್ಪದವರೆಗೆ ಹೋಗುತ್ತದೆ. ಅಲ್ಲಿಂದ ಜೋಗ ಹತ್ತಿರ. ಭದ್ರಾವತಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯ, ನ್ಯೂಟೌನ್ ನೋಡಿಕೊಂಡು ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೆ ಹೋಗಬಹುದು. ಅಲ್ಲಿಯೂ ಸಣ್ಣ ವಿದ್ಯುದಾಗಾರಗಳಿವೆ. ಬೇಸಿಗೆಯಲ್ಲಿ ನೀರಿಳಿದಾಗ ಹಿನ್ನೀರಿನಲ್ಲಿ ಏಳುವ ಪುಟ್ಟ ದ್ವೀಪಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ತುಂಗೆ, ಭದ್ರೆ ಕೂಡುವ ಕೂಡ್ಲಿ ಶಿವಮೊಗ್ಗದಿಂದ ಅರ್ಧ ದಿನದ ಪ್ರವಾಸ. ವಿದ್ಯುದಾಗಾರದ ಒಳಗೆ ಹೋಗಲು ಅನುಮತಿ ಬೇಕು. ಶಾಲೆಯಿಂದ ಹೋಗುವವರು ಮೊದಲೇ ಪತ್ರ ಬರೆಯುವುದು ಒಳ್ಳೆಯದು.